ಶುಗರ್ ಶಿಬಿರ ಮಾಡುವ ಸಂಘಸಂಸ್ಥೆಗಳ ಗಮನಕ್ಕೆ

ಮಾನ್ಯ ಸಂಪಾದಕರೇ,

ನವೆಂಬರ್ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಸೇವಾ ಕ್ಲಬ್‌ಗಳ ‘ಉಚಿತ ಮಧುಮೇಹ ತಪಾಸಣಾ ಶಿಬಿರ’ದ ಬ್ಯಾನರುಗಳು ಏಳುತ್ತವೆ. 14ನೇ ತಾರೀಕು ವಿಶ್ವ ಮಧುಮೇಹ ದಿನ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದ ತಂಡದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು ಅದೇ ದಿನ. ಮಕ್ಕಳ ದಿನಾಚರಣೆಯೂ ಅಂದೇ ಆದ್ದರಿಂದ ಒಂದೇ ಶಾಲೆಯ ಅಂಗಳದಲ್ಲಿ ಬೆಳಿಗ್ಗೆ ಮಕ್ಕಳಿಗೆ ಲಡ್ಡು ಹಂಚಿ, ಹತ್ತು ಗಂಟೆಗೆ ಹೆತ್ತವರಿಗೆ ‘ಸಿಹಿ ಬಿಡಿ’ ಎಂದು ಭಾಷಣ ಮಾಡುವುದೂ ಉಂಟು. ಅದಿರಲಿ. ಲಯನ್ಸ್ ಸಂಸ್ಥೆ ಜಗತ್ತಿನಾದ್ಯಂತ ತನ್ನ ಮುಖ್ಯ ಸೇವಾಕ್ಷೇತ್ರಗಳಲ್ಲಿ ಮಧುಮೇಹವನ್ನೂ ಸೇರಿಸಿಕೊಂಡಿದೆ. ನಮ್ಮ ಯುವಕ ಸಂಘಗಳು, ಭಜನಾ ಮಂದಿರಗಳು, ಮಸೀದಿ ಸಮಿತಿಗಳೂ ಹಿಂದೆ ಬಿದ್ದಿಲ್ಲ. ಹಣ, ಜನ, ಉಮೇದು ಎಲ್ಲ ಇದೆ. ಆದರೆ ಹೆಚ್ಚಿನ ಶಿಬಿರಗಳು ನಡೆಯುವ ಕ್ರಮ ನೋಡಿದರೆ ಬೆರಳಿಗೆ ಸೂಜಿ ಚುಚ್ಚಿಸಿಕೊಂಡದ್ದಷ್ಟೇ ಜನರ ಪಾಲಿಗೆ ಉಳಿಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆ. ಕೇರಳದ ಲೆಕ್ಕ ಶೇ. 25.5. ಹೀಗಿರುವಾಗ ಕುಂಬಳೆ ಪೇಟೆಯಲ್ಲಿ ಮೇಜು ಹಾಕಿದರೂ, ಪೆರ್ಲದಲ್ಲಿ ಹಾಕಿದರೂ ಶುಗರ್ ಇರುವವರು ಸಿಕ್ಕೇ ಸಿಗುತ್ತಾರೆ, ಅದೇನೂ ಸಾಧನೆಯಲ್ಲ. ಸಿಕ್ಕವರಲ್ಲಿ ಎಷ್ಟು ಮಂದಿ ಹದಿನೈದು ದಿನದೊಳಗೆ ಲ್ಯಾಬಿಗೆ ಹೋಗಿ ತೋಳಿನ ರಕ್ತ ಕೊಟ್ಟರು, ಎಷ್ಟು ಮಂದಿ ಡಾಕ್ಟರನ್ನು ಕಂಡರು ಎಂಬ ಲೆಕ್ಕ ಕ್ಲಬ್‌ನ ವರದಿಯಲ್ಲಿ ಇರುವುದು ತೀರಾ ಅಪರೂಪ. ‘250 ಮಂದಿ ಪ್ರಯೋಜನ ಪಡೆದರು’ ಎಂಬ ಸಾಲು ಮಾತ್ರ ಖಂಡಿತ ಇರುತ್ತದೆ.

ಮೊದಲ ಎಡವಟ್ಟು ಗಡಿಯಾರದ್ದು. ಕಾಗದದಲ್ಲಿ ಉದ್ಘಾಟನೆ ಹತ್ತಕ್ಕೆ, ಅತಿಥಿಗಳು ಬರುವುದು ಹತ್ತೂಮುಕ್ಕಾಲಕ್ಕೆ. ಅಷ್ಟರಲ್ಲಿ ಜನರ ಹೊಟ್ಟೆಗೆ ಏಳಕ್ಕೊಂದು ಚಾ, ಎಂಟೂವರೆಗೆ ನೀರುದೋಸೆ, ಶಿಬಿರದ ಅಂಗಳದಲ್ಲಿ ಇನ್ನೊಂದು ಚಾ ಇಳಿದಿರುತ್ತದೆ. ಆ ಹೊತ್ತಿಗೆ ತೆಗೆದ ಅಂಕೆ ಖಾಲಿಹೊಟ್ಟೆಯದೂ ಅಲ್ಲ, ಊಟದ ಎರಡು ಗಂಟೆಯ ನಂತರದ್ದೂ ಅಲ್ಲ. ಖಾಲಿಹೊಟ್ಟೆ ಎಂದರೆ ಕನಿಷ್ಠ 8 ಗಂಟೆ ಏನೂ ತಿನ್ನದೆ ಇರುವುದು. ನೀರು ಕುಡಿಯಬಹುದು, ಹಾಲು, ಸಕ್ಕರೆ ಇಲ್ಲದ ಕಣ್ಣ ಚಾ ಕೂಡ ಬೇಡ. ತಿಂದ ನಂತರದ ಪರೀಕ್ಷೆಗೆ 2 ಗಂಟೆಯನ್ನು ಎಣಿಸಬೇಕಾದದ್ದು ಕೈ ತೊಳೆದ ಹೊತ್ತಿನಿಂದ ಅಲ್ಲ, ಮೊದಲ ತುತ್ತಿನಿಂದ. ಆದ್ದರಿಂದ ಪರೀಕ್ಷೆ ಬೆಳಿಗ್ಗೆ ಆರೂವರೆಗೆ ಶುರುವಾಗಿ ಒಂಬತ್ತೂವರೆಗೆ ಮುಗಿಯಲಿ. ಸಭೆ, ಶಾಲು, ಸ್ಮರಣಿಕೆಗಳೆಲ್ಲ ಆಮೇಲೆ.

ಇನ್ನೊಂದು ಅಪಾಯ ಇದಕ್ಕೇ ಅಂಟಿಕೊಂಡಿದೆ. ಈಗಾಗಲೇ ಶುಗರ್ ಮಾತ್ರೆ ತಿನ್ನುವವರು ಖಾಲಿಹೊಟ್ಟೆಯಲ್ಲಿ ಬರುವಾಗ ಬೆಳಗಿನ ಮಾತ್ರೆಯನ್ನು ಅಭ್ಯಾಸಬಲದಿಂದ ನುಂಗಿ ಬರುತ್ತಾರೆ, ಅಥವಾ ಇನ್ಸುಲಿನ್ ಚುಚ್ಚಿಕೊಂಡು ಬರುತ್ತಾರೆ. ಭಾಷಣ ಉದ್ದವಾದಂತೆ ಅವರ ಸಕ್ಕರೆ ಇಳಿಯುತ್ತದೆ. ಗ್ಲಿಮಿಪಿರೈಡ್‌ನಂಥ ಮಾತ್ರೆಗಳಲ್ಲಿ ಇದು ಹೆಚ್ಚು. ಬೆವರು, ಕೈನಡುಕ, ಎದೆ ಹೊಡೆದುಕೊಳ್ಳುವುದು, ಮಾತು ತಡವರಿಸುವುದು ಲಕ್ಷಣ. ಬೆರಳಿನ ರಕ್ತದಲ್ಲಿ ಸಕ್ಕರೆ ಅಳೆಯುವ ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ 15 ಗ್ರಾಂ ಸಕ್ಕರೆ, ಅಂದರೆ ಚಾ ಚಮಚದಲ್ಲಿ ಮೂರು, ನೀರಿಗೆ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ತಿಂಡಿ ತಿನ್ನಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಸಾಗಿಸಬೇಕು. ಶುಗರ್ ಶಿಬಿರದ ಮೇಜಿನಲ್ಲಿ ಅರ್ಧ ಕಿಲೋ ಸಕ್ಕರೆ ಇರಲೇಬೇಕು ಎಂದರೆ ನಗಬೇಡಿ.

ಎರಡನೆಯದು, ಯಾರ ರಕ್ತ ನೋಡಬೇಕು ಎಂಬುದು. ಈಗ ಸಾಲಿನಲ್ಲಿ ನಿಲ್ಲುವವರಲ್ಲಿ ಅರ್ಧ ಮಂದಿ ಹಳೇ ರೋಗಿಗಳು, ಪುಕ್ಕಟೆ ಆದದ್ದಕ್ಕೆ ಒಮ್ಮೆ ನೋಡಿಸುವ ಎಂದು ಬಂದವರು. ಅವರನ್ನು ಬಯ್ಯುವಂತಿಲ್ಲ. ಆದರೆ ಮೀಟರಿಗೆ ಸಿಕ್ಕಿಸಿ ರಕ್ತ ತಾಗಿಸುವ ಸ್ಟ್ರಿಪ್ ಮುಗಿಯುವುದು ಅವರಲ್ಲೇ. ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು ರೂಪಿಸಿದ ಭಾರತೀಯ ಮಧುಮೇಹ ಅಪಾಯ ಅಂಕಪಟ್ಟಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಒಂದು ಟೇಪು, ಒಂದು ಪೆನ್ನು ಸಾಕು. ವಯಸ್ಸು 35ಕ್ಕಿಂತ ಕಡಿಮೆಯಿದ್ದರೆ 0, 35ರಿಂದ 49ಕ್ಕೆ 20, 50 ದಾಟಿದರೆ 30. ಸೊಂಟದ ಸುತ್ತಳತೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90ರೊಳಗೆ ಇದ್ದರೆ 0. ಅಲ್ಲಿಂದ ಮೇಲೆ ಹತ್ತು ಸೆಂ.ಮೀ.ವರೆಗೆ 10, ಹೆಂಗಸರಲ್ಲಿ 90, ಗಂಡಸರಲ್ಲಿ 100 ಮುಟ್ಟಿದರೆ 20. ಹೆತ್ತವರಲ್ಲಿ ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20. ಮೈಬಗ್ಗಿಸುವ ಕೆಲಸವೂ ವ್ಯಾಯಾಮವೂ ಇದ್ದರೆ 0, ಎರಡೂ ಇಲ್ಲದೆ ಕುಳಿತೇ ದಿನ ಕಳೆಯುವವರಿಗೆ 30. ಒಟ್ಟು 60 ಮತ್ತು ಮೇಲೆ ಬಂದವರು ಹೆಚ್ಚಿನ ಅಪಾಯದವರು. ಮೊದಲು ಸ್ಟ್ರಿಪ್ ಸಲ್ಲಬೇಕಾದದ್ದು ಅವರಿಗೆ. ಬೀಡಿ ಕಟ್ಟುತ್ತಾ ದಿನವಿಡೀ ಕುಳಿತಿರುವ 52ರ ಹೆಂಗಸು, ಅಂಗಡಿಯ ಗಲ್ಲಾದಲ್ಲಿ ಕೂರುವ 45ರ ಗಂಡಸು ಈ ಪಟ್ಟಿಯಲ್ಲಿ ಸುಲಭವಾಗಿ ಮೇಲೆ ಬರುತ್ತಾರೆ. ‘ನನಗೇನೂ ಇಲ್ಲ’ ಎಂದು ಶಿಬಿರಕ್ಕೆ ಬಾರದವರೂ ಇವರೇ.

ಸುತ್ತಳತೆ ತೆಗೆಯುವುದರಲ್ಲೂ ತಪ್ಪಾಗುತ್ತದೆ. ಲುಂಗಿಯ ಗಂಟಿನ ಮೇಲೆ, ಸೀರೆ ನೆರಿಗೆಯ ಮೇಲೆ ಟೇಪು ಸುತ್ತಿದರೆ ನಾಲ್ಕೈದು ಸೆಂ.ಮೀ. ಸುಮ್ಮನೆ ಏರುತ್ತದೆ. ಕೊನೆಯ ಪಕ್ಕೆಲುಬಿನ ಕೆಳಗಿನ ಅಂಚು, ಸೊಂಟದ ಎಲುಬಿನ ಮೇಲಿನ ಅಂಚು, ಇವೆರಡರ ನಡುಮಧ್ಯೆ, ಉಸಿರು ಬಿಟ್ಟ ಹೊತ್ತಿನಲ್ಲಿ ಅಳೆಯಬೇಕು. ಹೆಂಗಸರಿಗೆ ಪರದೆ ಕಟ್ಟಿದ ಮೂಲೆ, ಅಳೆಯುವುದಕ್ಕೆ ಹೆಂಗಸೇ ಬೇಕು. ಇಲ್ಲದಿದ್ದರೆ ಅಂದಾಜಿಗೆ ಒಂದು ಸಂಖ್ಯೆ ಬರೆದು ಮುಂದೆ ಕಳುಹಿಸುತ್ತಾರೆ.

ಇನ್ನು ಚುಚ್ಚುವ ಮೇಜು. ಒಬ್ಬರಿಗೆ ಮೂರು ನಿಮಿಷ ಹಿಡಿದರೆ ಗಂಟೆಗೆ 20, ಮೂರು ಗಂಟೆಗೆ 60 ಮಂದಿ. ನೂರು ಜನರ ಶಿಬಿರಕ್ಕೆ ಎರಡು ಮೇಜು, ಒಂದೇ ಕಂಪೆನಿಯ ಎರಡು ಮೀಟರ್ ಬೇಕು. ಹಾಳಾಗುವ ಲೆಕ್ಕ ಸೇರಿಸಿ 110 ಸ್ಟ್ರಿಪ್, 120 ಲ್ಯಾನ್ಸೆಟ್ (ಬೆರಳಿಗೆ ಚುಚ್ಚುವ ಪುಟ್ಟ ಸೂಜಿ) ಇಟ್ಟುಕೊಳ್ಳಿ. ಲ್ಯಾನ್ಸೆಟ್ ಒಮ್ಮೆ ಚುಚ್ಚಿದರೆ ತಾನೇ ಒಳಗೆ ಸರಿದು ಮತ್ತೆ ಬಳಕೆಗೆ ಬಾರದಂಥದ್ದೇ ಆಗಬೇಕು. ಮನೆಬಳಕೆಯ ಪೆನ್ನಿನಂಥ ಸಾಧನಕ್ಕೆ ಸೂಜಿ ಮಾತ್ರ ಬದಲಿಸಿ ಹತ್ತಾರು ಜನರಿಗೆ ಚುಚ್ಚುವುದು ಈಗಲೂ ನಡೆಯುತ್ತಿದೆ. ಸೂಜಿ ಹೊಸದಾದರೂ ಸಾಧನದ ತುದಿಗೆ ತಾಗಿದ ರಕ್ತದಿಂದ ಹೆಪಟೈಟಿಸ್ ಬಿ ಹರಡಬಹುದು. ಶುಗರ್ ನೋಡಲು ಬಂದವರಿಗೆ ಕಾಮಾಲೆಯ ವೈರಸ್ ಹಂಚುವುದು ಯಾವ ಸೇವೆ? ಕೈಗವಸನ್ನೂ ಪ್ರತಿಯೊಬ್ಬರಿಗೆ ಬದಲಿಸಬೇಕು.

ಚುಚ್ಚುವ ಮೊದಲು ಸೋಪು ಹಾಕಿ ಕೈ ತೊಳೆಸಿ, ಪೂರ್ತಿ ಒರೆಸಿ. ಬಾಳೆಹಣ್ಣು ಸುಲಿದ ಕೈ, ಲಡ್ಡು ಹಂಚಿದ ಕೈ ಹಾಗೆಯೇ ಬಂದರೆ ಬೆರಳಿಗೆ ಅಂಟಿದ ಸಕ್ಕರೆಯನ್ನೂ ಮೀಟರ್ ಎಣಿಸುತ್ತದೆ. 110 ಇರಬೇಕಾದವರಿಗೆ 200 ಬಂದು ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಸ್ಪಿರಿಟ್ ಹಾಕಿದರೆ ಅದು ಆರುವವರೆಗೆ ಕಾಯಬೇಕು. ಬೆರಳ ತುದಿಯ ನಡುವಿಗಲ್ಲ, ಬದಿಗೆ ಚುಚ್ಚಿ. ಅಲ್ಲಿ ನೋವು ಕಡಿಮೆ. ರಕ್ತ ಬರಲಿಲ್ಲವೆಂದು ಬೆರಳನ್ನು ಹಿಂಡಿದರೆ ಅಂಗಾಂಶದ ನೀರು ಬೆರೆತು ಅಂಕೆ ತಪ್ಪುತ್ತದೆ. ಅಡಿಕೆ ಮರ ಹತ್ತುವವರ, ಕಲ್ಲು ಕಡಿಯುವವರ ಬೆರಳು ದಪ್ಪಚರ್ಮದ್ದು. ಸಪೂರ ಸೂಜಿ ಅಲ್ಲಿ ನಾಟುವುದಿಲ್ಲ. ಸ್ವಲ್ಪ ಆಳಕ್ಕೆ ಹೋಗುವ ಲ್ಯಾನ್ಸೆಟ್‌ಗಳನ್ನೂ ಒಂದಷ್ಟು ತರಿಸಬೇಕು. ಕೈ ತಣ್ಣಗಿದ್ದರೆ ಬಿಸಿನೀರಲ್ಲಿ ತೊಳೆಸಿ, ಕೆಳಗೆ ಇಳಿಬಿಟ್ಟು ಅರ್ಧ ನಿಮಿಷ ತಡೆಯಿರಿ.

ಸ್ಟ್ರಿಪ್‌ಗೆ ದೊಡ್ಡ ಶತ್ರು ನಮ್ಮ ಕರಾವಳಿಯ ತೇವ. ಡಬ್ಬಿಯ ಮುಚ್ಚಳದೊಳಗೆ ತೇವ ಹೀರುವ ಪುಡಿ ಇಟ್ಟಿರುವುದೇ ಅದಕ್ಕಾಗಿ. ಮುಚ್ಚಳ ತೆರೆದಿಟ್ಟು, ಸ್ಟ್ರಿಪ್‌ಗಳನ್ನು ಮೊದಲೇ ತಟ್ಟೆಗೆ ಸುರಿದು ‘ಕೆಲಸ ಬೇಗ ಆಗಲಿ’ ಎನ್ನುವ ಉತ್ಸಾಹಿ ಸ್ವಯಂಸೇವಕ ಇಡೀ ಡಬ್ಬಿಯನ್ನೇ ಕೆಡಿಸುತ್ತಾನೆ. ಒಂದು ತೆಗೆ, ಮುಚ್ಚು, ಇನ್ನೊಂದು ತೆಗೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಪೆಟ್ಟಿಗೆ ಇಡಬೇಡಿ. ಕಳೆದ ವರ್ಷದ ಶಿಬಿರದಲ್ಲಿ ಉಳಿದ ಅರ್ಧ ಡಬ್ಬಿಯನ್ನು ಈ ವರ್ಷ ಬಳಸಬೇಡಿ. ಹಲವು ಕಂಪೆನಿಗಳಲ್ಲಿ ಹೊರಗೆ ಅಚ್ಚಾದ ತಾರೀಕು ಮುಚ್ಚಿದ ಡಬ್ಬಿಗೆ ಮಾತ್ರ, ತೆರೆದ ಮೇಲೆ ಕೆಲವೇ ತಿಂಗಳು. ಹೊಸ ಡಬ್ಬಿ ತೆರೆದಾಗಲೆಲ್ಲ ಕಂಪೆನಿಯ ಕಂಟ್ರೋಲ್ ದ್ರಾವಣ ಒಂದು ಹನಿ ಹಾಕಿ, ಡಬ್ಬಿಯ ಮೇಲೆ ಬರೆದ ಮಿತಿಯೊಳಗೆ ಅಂಕೆ ಬರುತ್ತದೆಯೇ ನೋಡಿ. ಇದನ್ನು ಮಾಡುವ ಕ್ಲಬ್ ಬೆರಳೆಣಿಕೆಯಷ್ಟೂ ಇಲ್ಲ.

ಚುಚ್ಚಿದ ಲ್ಯಾನ್ಸೆಟ್ ತೂತಾಗದ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಆರೋಗ್ಯ ಶಿಬಿರಗಳಿಗೂ ಅನ್ವಯಿಸುತ್ತದೆ. ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದೊಂದಿಗೆ ಮೊದಲೇ ಮಾತಾಡಿ ಅಲ್ಲಿಗೆ ಒಪ್ಪಿಸಿ. ಶಾಲೆಯ ಹಿಂದಿನ ಗುಂಡಿಗೆ ಹಾಕಿದರೆ ಮರುದಿನ ಆ ಸೂಜಿ ಮಕ್ಕಳ ಕೈಯಲ್ಲಿ.

ಈಗ ಅಂಕೆ. ಅದನ್ನು ಮೈಕಿನಲ್ಲಿ ಕೂಗಬಾರದು, ಸಾಲಿನಲ್ಲಿ ನಿಂತವರಿಗೆ ಕೇಳುವಂತೆ ಹೇಳಲೂಬಾರದು. ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಗೆ ಊರ ಮುಂದೆ ‘ಶುಗರ್ ಉಂಟು’ ಎಂದರೆ ಆಕೆ ಮುಂದೆ ಯಾವ ಶಿಬಿರಕ್ಕೂ ಬರುವುದಿಲ್ಲ. ಮುಖ್ಯವಾಗಿ, ಬೆರಳಿನ ರಕ್ತದ ಮೀಟರ್ ಕಾಯಿಲೆಯನ್ನು ಖಚಿತಪಡಿಸುವ ಯಂತ್ರವಲ್ಲ. ಅಂತಾರಾಷ್ಟ್ರೀಯ ಮಾನದಂಡವೇ ಅದಕ್ಕೆ 100ರ ಮೇಲೆ ಶೇ. 15ರಷ್ಟು ಆಚೀಚೆ ಹೋಗಲು ಅವಕಾಶ ಕೊಟ್ಟಿದೆ. ನಿಜಕ್ಕೆ 126 ಇರುವವರಿಗೆ ಅದು 110 ಎಂದೂ 140 ಎಂದೂ ತೋರಿಸಬಹುದು. ರಕ್ತಹೀನತೆ ಇರುವವರಲ್ಲಿ ಸಾಮಾನ್ಯವಾಗಿ ಹೆಚ್ಚು ತೋರಿಸುತ್ತದೆ. ರೋಗ ನಿರ್ಣಯಕ್ಕೆ ಲ್ಯಾಬಿನ ರಕ್ತವೇ ಆಗಬೇಕು: ಖಾಲಿಹೊಟ್ಟೆಯಲ್ಲಿ 126 ಅಥವಾ ಮೇಲೆ, ಇಲ್ಲವೇ 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆಯ ನಂತರ 200 ಅಥವಾ ಮೇಲೆ, ಇಲ್ಲವೇ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಶೇ. 6.5 ಅಥವಾ ಮೇಲೆ. ಲಕ್ಷಣ ಇಲ್ಲದವರಲ್ಲಿ ಒಂದೇ ಪರೀಕ್ಷೆಯ ಮೇಲೆ ತೀರ್ಮಾನವಿಲ್ಲ, ಎರಡನೆಯದೂ ಹಾಗೇ ಬರಬೇಕು. ಶಿಬಿರದ ಮೇಜಿನಲ್ಲಿ ‘ನಿಮಗೆ ಶುಗರ್ ಇದೆ’ ಎಂದೂ ಹೇಳಬೇಡಿ, ‘ನಿಮಗೆ ಏನೂ ಇಲ್ಲ’ ಎಂದೂ ಹೇಳಬೇಡಿ. ಖಾಲಿಹೊಟ್ಟೆಯಲ್ಲಿ 100, ತಿಂದು ಬಂದವರಲ್ಲಿ 140 ದಾಟಿದರೆ ಲ್ಯಾಬಿಗೆ ಚೀಟಿ. 200 ದಾಟಿ, ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇದ್ದರೆ ಆ ವಾರವೇ ಡಾಕ್ಟರು. 300ರ ಮೇಲಿದ್ದು ವಾಂತಿ, ವಿಪರೀತ ಸುಸ್ತು, ಏದುಸಿರು ಇದ್ದರೆ ಆ ಕ್ಷಣವೇ ಆಸ್ಪತ್ರೆ. ಮೀಟರಿನಲ್ಲಿ ಅಂಕೆಯ ಬದಲು ಇಂಗ್ಲಿಷಿನ ‘ಎಚ್’, ‘ಐ’ ಎಂಬ ಎರಡು ಅಕ್ಷರ ಮೂಡಿದರೆ ಅದು ಯಂತ್ರದ ನಮಸ್ಕಾರವಲ್ಲ. ಅದು ಅಳೆಯಬಲ್ಲ ಮಿತಿ, ಹೆಚ್ಚಿನ ಮೀಟರುಗಳಲ್ಲಿ 600, ದಾಟಿದೆ ಎಂದರ್ಥ.

ಗರ್ಭಿಣಿಯರನ್ನು ಈ ಸಾಲಿನಲ್ಲಿ ನಿಲ್ಲಿಸಲೇಬೇಡಿ. ಅವರ ಪರೀಕ್ಷೆ ಬೇರೆ, ಮಿತಿಯೂ ಬೇರೆ: 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆಗೆ 140. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ ಆರೋಗ್ಯ ಕೇಂದ್ರದಲ್ಲೇ ಆಗಬೇಕು. ತಿರುಗಿ ಹಾಸಿಗೆಯಲ್ಲಿ ಉಚ್ಚೆ ಹೊಯ್ಯಲು ಶುರುಮಾಡಿದ, ತೂಕ ಇಳಿಯುತ್ತಿರುವ ಮಗು ಬಂದರೆ ಅದನ್ನೂ ಕಾಯಿಸಬಾರದು. ಇನ್ಸುಲಿನ್ ಇಲ್ಲದೆ ನಡೆಯದ, ಮಕ್ಕಳ ಟೈಪ್ 1 ಮಧುಮೇಹಕ್ಕೆ ಕೇರಳ ಸಾಮಾಜಿಕ ಸುರಕ್ಷಾ ಮಿಷನ್‌ನ ‘ಮಿಠಾಯಿ’ ಎಂಬ ಯೋಜನೆ ಇದೆ. ಗಡಿನಾಡಿನ ಕನ್ನಡ ಮನೆಗಳಿಗೆ ಆ ಸುದ್ದಿ ಮುಟ್ಟಿಸುವುದು ಕ್ಲಬ್‌ಗಳು ಮಾಡಬಹುದಾದ ದೊಡ್ಡ ಉಪಕಾರ.

ಚೀಟಿಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಅದರದೇ ತೊಡಕಿದೆ. ಎಣ್ಮಕಜೆ, ಪೈವಳಿಕೆ, ವರ್ಕಾಡಿ, ಪುತ್ತಿಗೆ ಕಡೆಯ ಹಿರಿಯರು ಓದುವುದು ಕನ್ನಡ, ಆರೋಗ್ಯ ಕೇಂದ್ರದ ಸಿಬ್ಬಂದಿ ಹೆಚ್ಚಾಗಿ ಓದುವುದು ಮಲಯಾಳ. ಚೀಟಿ ಎರಡರಲ್ಲೂ ಅಚ್ಚಾಗಬೇಕು. ಅದರಲ್ಲಿ ಹೆಸರು, ವಯಸ್ಸು, ಅಂಕೆಯಷ್ಟೇ ಸಾಲದು. ಕೊನೆಯ ಬಾರಿ ತಿಂದದ್ದು ಎಷ್ಟು ಗಂಟೆಗೆ, ಚುಚ್ಚಿದ್ದು ಎಷ್ಟು ಗಂಟೆಗೆ, ಅಪಾಯ ಅಂಕ ಎಷ್ಟು, ಬಿ.ಪಿ. ಎಷ್ಟು, ಯಾವ ದಿನ ಯಾವ ಕೇಂದ್ರಕ್ಕೆ ಹೋಗಬೇಕು, ಇಷ್ಟೂ ಬೇಕು. ‘ಡಾಕ್ಟರನ್ನು ಕಾಣಿ’ ಎಂದರೆ ಜನ ಕಾಣುವುದಿಲ್ಲ. ‘ಮುಂದಿನ ಬುಧವಾರ ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ, ಕುಟುಂಬ ಆರೋಗ್ಯ ಕೇಂದ್ರದ ಜೀವನಶೈಲಿ ರೋಗದ ಕ್ಲಿನಿಕ್‌ಗೆ’ ಎಂದು ಬರೆದರೆ ಒಂದಷ್ಟು ಮಂದಿಯಾದರೂ ಹೋಗುತ್ತಾರೆ. ಕ್ಲಿನಿಕ್ ಯಾವ ವಾರ ನಡೆಯುತ್ತದೆಂದು ಮೊದಲೇ ವಿಚಾರಿಸಿಡಿ. ಚೀಟಿಯ ನಕಲನ್ನು ಆ ವ್ಯಕ್ತಿಯ ಒಪ್ಪಿಗೆ ಪಡೆದು ವಾರ್ಡಿನ ಆಶಾ ಕಾರ್ಯಕರ್ತೆಗೆ ಕೊಡಿ. 30 ದಾಟಿದವರ ತಪಾಸಣೆ ಅವರ ಕೆಲಸದಲ್ಲೇ ಇದೆ. ಆದರೆ ಅವರು ಮನೆಗೆ ಹೋಗುವುದು ಹಗಲು, ಆಗ ಆಟೋ ಓಡಿಸುವವರು, ಅಂಗಡಿಯವರು, ಮೇಸ್ತ್ರಿಗಳು ಮನೆಯಲ್ಲಿರುವುದಿಲ್ಲ. ಕ್ಲಬ್‌ಗಳಿಗೆ ನಿಜವಾದ ಕೆಲಸ ಇರುವುದು ಈ ಸಂದಿಯಲ್ಲಿ. ಸಭಾಭವನ ಬಿಟ್ಟು ಬೆಳಿಗ್ಗೆ ಆರೂವರೆಗೆ ಉಪ್ಪಳದ ಮೀನು ಮಾರ್ಕೆಟಿನಲ್ಲಿ, ಬದಿಯಡ್ಕದ ಆಟೋ ಸ್ಟ್ಯಾಂಡಿನಲ್ಲಿ ಮೇಜು ಹಾಕಿ ನೋಡಿ.

ಗಡಿ ದಾಟುವ ಔಷಧದ್ದು ಇನ್ನೊಂದು ಗೋಜಲು. ನಮ್ಮವರು ದೊಡ್ಡ ಡಾಕ್ಟರೆಂದು ಮಂಗಳೂರಿಗೆ, ದೇರಳಕಟ್ಟೆಗೆ ಹೋಗುತ್ತಾರೆ. ಉಚಿತವೆಂದು ಇಲ್ಲಿನ ಆರೋಗ್ಯ ಕೇಂದ್ರದ ಮಾತ್ರೆಯನ್ನೂ ತರುತ್ತಾರೆ. ಹೆಸರು ಬೇರೆ, ಹಾಳೆಯ ಬಣ್ಣ ಬೇರೆ, ಒಳಗಿರುವುದು ಅದೇ ಮೆಟ್‌ಫಾರ್ಮಿನ್, ಅದೇ ಗ್ಲಿಮಿಪಿರೈಡ್. ಎರಡನ್ನೂ ನುಂಗಿ ತಲೆತಿರುಗಿ ಬೀಳುತ್ತಾರೆ. ಶಿಬಿರಕ್ಕೆ ಬರುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಹಾಳೆಗಳನ್ನು ಒಂದು ಚೀಲದಲ್ಲಿ ತರಹೇಳಿ, ಒಬ್ಬ ಫಾರ್ಮಸಿಸ್ಟರನ್ನು ಕೂರಿಸಿದರೆ ಅದೊಂದೇ ಮೇಜು ಇಡೀ ಶಿಬಿರಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು. ಇನ್ಸುಲಿನ್ ಬಳಸುವವರ ಸಿರಿಂಜನ್ನೂ ಅಲ್ಲೇ ನೋಡಬೇಕು. ನಮ್ಮಲ್ಲಿ ಸಾಮಾನ್ಯ ಬಾಟ್ಲಿ ಮಿ.ಲೀ.ಗೆ 40 ಯೂನಿಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟಿನದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ.

ಭಾಷಣದ ಬಗ್ಗೆ ಒಂದು ಮಾತು. ‘ಸಿಹಿ ಬಿಡಿ, ನಡೆಯಿರಿ’ ಎನ್ನುವುದನ್ನು ಜನ ಕೇಳಿ ಕೇಳಿ ಸಾಕಾಗಿದ್ದಾರೆ. ಸಕ್ಕರೆ ಬಿಟ್ಟು ಓಲೆಬೆಲ್ಲಕ್ಕೆ ಹೋದರೆ ಆಯಿತು ಎಂದುಕೊಂಡವರಿಗೆ ಅದೂ ಹೆಚ್ಚಿನ ಪಾಲು ಸಕ್ಕರೆಯೇ ಎಂದು ಹೇಳುವವರಿಲ್ಲ. ಕುಚ್ಚಲಕ್ಕಿ ಬೆಳ್ತಿಗೆಗಿಂತ ಸ್ವಲ್ಪ ನಿಧಾನಕ್ಕೆ ಸಕ್ಕರೆ ಏರಿಸುತ್ತದೆ, ನಿಜ; ಹಾಗೆಂದು ಬಟ್ಟಲು ತುಂಬಿ ಎರಡು ಸಲ ಬಡಿಸಿಕೊಂಡರೆ ಆ ಲಾಭ ಅಲ್ಲಿಗೇ ಮುಗಿಯಿತು. ಮೇಜಿನ ಮೇಲೆ 100 ಗ್ರಾಂ ಅಕ್ಕಿಯ ಅನ್ನವನ್ನು ಒಂದು ಬಟ್ಟಲಲ್ಲಿಟ್ಟು, ಪಕ್ಕದಲ್ಲಿ ಚಾ ಚಮಚದಲ್ಲಿ 15 ಚಮಚ ಸಕ್ಕರೆ ಸುರಿದು ತೋರಿಸಿ. ಅಷ್ಟು ಅನ್ನದ ಪಿಷ್ಟ ಕೊನೆಗೆ ಹೆಚ್ಚುಕಡಿಮೆ ಅಷ್ಟೇ ತೂಕದ ಗ್ಲೂಕೋಸಾಗಿ ರಕ್ತಕ್ಕೆ ಸೇರುವುದು. ಅರ್ಧ ಬಟ್ಟಲು ಬಸಳೆ, ಅಲಸಂಡೆ, ಹಾಗಲಕಾಯಿ. ಕಾಲು ಭಾಗ ಮೀನು, ಬೇಳೆ ಅಥವಾ ಕಡಲೆ. ಉಳಿದ ಕಾಲು ಅನ್ನ, ಇದನ್ನು ಬಟ್ಟಲಲ್ಲೇ ಜೋಡಿಸಿ ತೋರಿಸಿದರೆ ಅಡುಗೆ ಮಾಡುವವರಿಗೆ ಅರ್ಥವಾಗುತ್ತದೆ. ಕಿರಾತಕಡ್ಡಿ ಕಷಾಯ, ಮೆಂತೆ ಕುಡಿಯುವವರನ್ನು ಹೀಯಾಳಿಸಬೇಡಿ. ಮಾತ್ರೆ ಬಿಟ್ಟು ಕುಡಿಯಬೇಡಿ, ಕುಡಿಯುವುದನ್ನು ಡಾಕ್ಟರಿಂದ ಮುಚ್ಚಿಡಬೇಡಿ ಎಂದಷ್ಟೇ ಹೇಳಿ.

ಕಾಲು ನೋಡುವ ಕ್ಲಬ್‌ಗಳಂತೂ ಇಲ್ಲವೇ ಇಲ್ಲ. ಅದಕ್ಕೆ ಯಂತ್ರವೇ ಬೇಡ. ರೋಗಿ ಕಣ್ಣು ಮುಚ್ಚಿ ಮಲಗಲಿ; ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಿ. ಒತ್ತಬೇಡಿ, ಸವರಬೇಡಿ. ಆರರಲ್ಲಿ ಎರಡು ಕಡೆ ತಿಳಿಯದಿದ್ದರೆ ಪಾದದ ನರ ಮಂಕಾಗಿದೆ ಎಂದು ತಿಳಿದು ಡಾಕ್ಟರಿಗೆ ಕಳುಹಿಸಿ. ಬ್ರಿಟನ್ನಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಈ ಪರೀಕ್ಷೆಯನ್ನು ಸ್ವಯಂಸೇವಕರು ಹತ್ತು ನಿಮಿಷದಲ್ಲಿ ಕಲಿಯಬಹುದು. ಬರಿಗಾಲಲ್ಲಿ ತೋಟಕ್ಕೆ ಹೋಗುವವರು, ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಾದ ಅಂಗಳದಲ್ಲಿ ಸುತ್ತು ಬರುವವರು, ಹಂಡೆಯ ಬಿಸಿನೀರಿಗೆ ನೇರ ಕಾಲಿಡುವವರು ನಮ್ಮಲ್ಲಿ ತುಂಬಾ. ಸ್ಪರ್ಶ ಹೋದ ಕಾಲು ಸುಟ್ಟದ್ದೂ ಮುಳ್ಳು ಹೊಕ್ಕದ್ದೂ ತಿಳಿಯುವುದಿಲ್ಲ. ಹುಣ್ಣು ಕಾಣುವಷ್ಟರಲ್ಲಿ ಕೀವಾಗಿರುತ್ತದೆ. ಕಣ್ಣಿನ ಹಿಂಭಾಗದ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಬೇಕು. ಅದಕ್ಕೆ ಹನಿ ಹಾಕಿದ ಮೇಲೆ ಕೆಲವು ಗಂಟೆ ದೃಷ್ಟಿ ಮಸುಕು, ಬೈಕಿನಲ್ಲಿ ಬಂದವರು ಜೊತೆಗೊಬ್ಬರನ್ನು ಕರೆತರಲಿ. ಮೂತ್ರಪಿಂಡದ ಸ್ಥಿತಿ ತಿಳಿಸುವ ಮೂತ್ರದ ಅಲ್ಬುಮಿನ್ ಪರೀಕ್ಷೆಯೂ ವರ್ಷಕ್ಕೊಮ್ಮೆ.

ಕೊನೆಯದಾಗಿ, ಸಂಪಾದಕರೇ, ತಮ್ಮಲ್ಲೊಂದು ವಿನಂತಿ. ಶಿಬಿರದ ಪ್ರಕಟಣೆ ಕಳುಹಿಸುವ ಸಂಘದವರು ‘ಹಿಂದಿನ ರಾತ್ರಿ ಹತ್ತರ ನಂತರ ಏನೂ ತಿನ್ನಬೇಡಿ, ಬೆಳಗಿನ ಶುಗರ್ ಮಾತ್ರೆ ನುಂಗದೆ ಕೈಯಲ್ಲಿ ಹಿಡಿದು ಬನ್ನಿ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ನಿಮ್ಮ ಡಾಕ್ಟರಲ್ಲಿ ಕೇಳಿ, ಹಳೆಯ ಚೀಟಿ ಮತ್ತು ಎಲ್ಲ ಮಾತ್ರೆ ತನ್ನಿ’ ಎಂಬ ಸಾಲುಗಳನ್ನು ಸೇರಿಸಲಿ. ಜಾಗ ಸಾಲದಾಗ ತಮ್ಮ ಡೆಸ್ಕಿನವರು ಉದ್ಘಾಟಕರ, ಮುಖ್ಯ ಅತಿಥಿಗಳ ಹೆಸರು ತೆಗೆದು ಈ ಸಾಲುಗಳನ್ನು ಉಳಿಸಲಿ.

ಇತಿ,
ನಿವೃತ್ತ ಲ್ಯಾಬ್ ಟೆಕ್ನೀಶಿಯನ್
ನೀರ್ಚಾಲು, ಕಾಸರಗೋಡು ಜಿಲ್ಲೆ